ಪರಿಸರ ಹೋರಾಟ ಮತ್ತು ‘ಭಯೋತ್ಪಾದಕ’ ಎಂಬ ಹಣೆಪಟ್ಟಿ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗಗಳಲ್ಲಿ ಭೂಮಿ, ನೀರು ಅಥವಾ ಕಾಡಿನ ವಿಷಯದಲ್ಲಿ ಸಭೆ ಕರೆದಾಗಲೆಲ್ಲ ಒಂದು ಹಿಂಜರಿಕೆ ಕಾಣಿಸಿಕೊಳ್ಳುತ್ತದೆ. ಮನವಿಗೆ ಸಹಿ ಹಾಕಿದರೆ ಹೆಸರು ಪೊಲೀಸರ ಪಟ್ಟಿಗೆ ಹೋಗುತ್ತದೆಯೇ? ಮೆರವಣಿಗೆಗೆ ಹೋದ ಹುಡುಗನಿಗೆ ನಾಳೆ ಪಾಸ್‌ಪೋರ್ಟ್ ಸಿಗುತ್ತದೆಯೇ? ವಾಳೆಯ ಗುರಿಕಾರರು, ಪಾಲನಾ ಪರಿಷತ್ತಿನ ಸದಸ್ಯರು, ಸಂಘಟನೆಗಳ ಪದಾಧಿಕಾರಿಗಳು ಇಂಥ ಪ್ರಶ್ನೆಗಳನ್ನು ಎದುರಿಸುತ್ತಲೇ ಇರುತ್ತಾರೆ. ಕೆಲವರು ಹೋರಾಟಗಾರರೆಲ್ಲರನ್ನೂ ‘ನಕ್ಸಲರು’, ‘ಅಭಿವೃದ್ಧಿ ವಿರೋಧಿಗಳು’ ಎಂದು ಕರೆದು ಮಾತು ಮುಗಿಸುತ್ತಾರೆ. ಇನ್ನು ಕೆಲವರು ಪರಿಸರದ ಹೆಸರಿನಲ್ಲಿ ಏನು ಮಾಡಿದರೂ ಸರಿ ಎನ್ನುತ್ತಾರೆ. ಈ ಎರಡೂ ಮಾತುಗಳು ನಮಗೆ ಅಪಾಯಕಾರಿ. ಆದುದರಿಂದ ‘ಪರಿಸರ ಭಯೋತ್ಪಾದನೆ’ ಎಂಬ ಮಾತು ಎಲ್ಲಿಂದ ಬಂತು, ಅದು ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ನಮ್ಮ ಊರಿನ ಅನುಭವದ ಆಧಾರದಲ್ಲಿ ತಿಳಿದುಕೊಳ್ಳೋಣ.

ಪದ ಹುಟ್ಟಿದ್ದು ಎಲ್ಲಿ?

ಈ ಪದ ಅಮೆರಿಕದ್ದು. 1983ರಲ್ಲಿ ರಾನ್ ಆರ್ನಾಲ್ಡ್ ಎಂಬ ಲೇಖಕರು ಇದನ್ನು ಬಳಕೆಗೆ ತಂದರು. ಅವರು ಪರಿಸರ ಚಳವಳಿಯ ಕಟು ಟೀಕಾಕಾರರಾಗಿದ್ದರು ಎಂಬುದನ್ನು ನಾವು ನೆನಪಿಡಬೇಕು. ಆ ದೇಶದಲ್ಲಿ 1980ರಲ್ಲಿ ‘ಅರ್ಥ್ ಫಸ್ಟ್’ ಎಂಬ ಗುಂಪು ಹುಟ್ಟಿಕೊಂಡಿತ್ತು. ಮನವಿ ಪತ್ರಗಳಿಂದ ಕಾಡು ಉಳಿಯುವುದಿಲ್ಲ ಎಂದು ನಂಬಿದ ಕೆಲವರು ಬುಲ್ಡೋಜರ್‌ಗಳನ್ನು ಕೆಡಿಸುವುದು, ಮರಗಳಿಗೆ ಉದ್ದನೆಯ ಮೊಳೆ ಹೊಡೆದು ಗರಗಸಕ್ಕೆ ತಡೆಯೊಡ್ಡುವುದು ಮುಂತಾದ ದಾರಿ ಹಿಡಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಮರದ ಮಿಲ್ಲೊಂದರಲ್ಲಿ ಗರಗಸವು ಅಂಥ ಮೊಳೆಗೆ ತಾಗಿ ಸಿಡಿದು, ಒಬ್ಬ ಯುವ ಕಾರ್ಮಿಕನ ಮುಖ ಭೀಕರವಾಗಿ ಗಾಯಗೊಂಡಿತು. ಆ ಮೊಳೆ ಯಾರು ಹೊಡೆದದ್ದು ಎಂಬುದು ಸಾಬೀತಾಗಲಿಲ್ಲ. ಆದರೆ ಪೆಟ್ಟು ಬಿದ್ದದ್ದು ಕಂಪೆನಿಯ ಮಾಲಿಕನಿಗಲ್ಲ, ಕೂಲಿಯವನಿಗೆ.

1992ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಅರ್ಥ್ ಲಿಬರೇಶನ್ ಫ್ರಂಟ್’ ಇನ್ನೂ ಮುಂದೆ ಹೋಯಿತು. 1998ರ ಅಕ್ಟೋಬರಿನಲ್ಲಿ ಕೊಲೊರಾಡೊ ರಾಜ್ಯದ ವೇಲ್ ಎಂಬಲ್ಲಿ ಅದರ ಸದಸ್ಯರು ಹಿಮಕ್ರೀಡಾ ಕೇಂದ್ರದ ಕಟ್ಟಡಗಳಿಗೆ ಬೆಂಕಿಯಿಟ್ಟರು. ನಷ್ಟ ಸುಮಾರು 12 ಮಿಲಿಯ ಡಾಲರ್. 2002ರ ಫೆಬ್ರವರಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅಲ್ಲಿನ ಸಂಸತ್ ಸಮಿತಿಯ ಮುಂದೆ ಒಂದು ವ್ಯಾಖ್ಯೆ ಕೊಟ್ಟಿತು. ಪರಿಸರದ ರಾಜಕೀಯ ಉದ್ದೇಶಕ್ಕಾಗಿ ನಿರಪರಾಧಿಗಳ ಮೇಲೆ ಅಥವಾ ಆಸ್ತಿಯ ಮೇಲೆ ನಡೆಸುವ ಅಪರಾಧ ರೂಪದ ಹಿಂಸೆ ಅಥವಾ ಹಿಂಸೆಯ ಬೆದರಿಕೆಯೇ ಪರಿಸರ ಭಯೋತ್ಪಾದನೆ ಎಂಬುದು ಅದರ ಸಾರ. ಇಲ್ಲಿ ‘ಆಸ್ತಿಯ ಮೇಲೆ’ ಎಂಬ ಮಾತಿನ ಸುತ್ತಲೇ ಇಡೀ ಚರ್ಚೆ ನಡೆಯುತ್ತಿದೆ. ಯಾರನ್ನೂ ಕೊಲ್ಲದೆ ಯಂತ್ರ ಸುಟ್ಟವನೂ, ಜನರ ನಡುವೆ ಬಾಂಬ್ ಇಟ್ಟವನೂ ಒಂದೇ ಹೆಸರಿಗೆ ಅರ್ಹರೇ? ಬೆಂಕಿಯಿಡುವುದು ಘೋರ ಅಪರಾಧ ಎಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಶಿಕ್ಷೆಯೂ ಇದೆ. ಅದನ್ನು ಭಯೋತ್ಪಾದನೆ ಎನ್ನಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಹಣೆಪಟ್ಟಿ ಎಷ್ಟು ಸುಲಭವಾಗಿ ತಪ್ಪು ಹಣೆಗೆ ಅಂಟುತ್ತದೆ ಎಂಬುದಕ್ಕೂ ಅಲ್ಲಿಯೇ ಉದಾಹರಣೆಯಿದೆ. 1990ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ ಜೂಡಿ ಬಾರಿ ಎಂಬ ಅರಣ್ಯ ಹೋರಾಟಗಾರ್ತಿಯ ಕಾರಿನಲ್ಲಿ ಬಾಂಬ್ ಸ್ಫೋಟಿಸಿತು. ಮರಗಳಿಗೆ ಮೊಳೆ ಹೊಡೆಯುವುದನ್ನು ಅವರು ಬಹಿರಂಗವಾಗಿ ತ್ಯಜಿಸಿದ್ದರು. ಆದರೂ ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಅವರನ್ನೇ ಬಾಂಬ್ ಸಾಗಿಸುತ್ತಿದ್ದಳೆಂದು ಪೊಲೀಸರು ಬಂಧಿಸಿದರು. ಮೊಕದ್ದಮೆ ನಿಲ್ಲಲಿಲ್ಲ. 1997ರಲ್ಲಿ ಅವರು ತೀರಿಕೊಂಡರು. 2002ರಲ್ಲಿ ಜ್ಯೂರಿಯು ಅವರ ಮತ್ತು ಅವರ ಸಂಗಾತಿಯ ಹಕ್ಕುಗಳನ್ನು ತನಿಖಾಧಿಕಾರಿಗಳು ಉಲ್ಲಂಘಿಸಿದ್ದಾರೆಂದು ಹೇಳಿ 44 ಲಕ್ಷ ಡಾಲರ್ ಪರಿಹಾರ ವಿಧಿಸಿತು.

ಕರ್ನಾಟಕದಲ್ಲಿ ನಡೆದದ್ದು

ನಮ್ಮ ರಾಜ್ಯದಲ್ಲಿಯೂ ತೀವ್ರ ಹೋರಾಟಗಳು ನಡೆದಿವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿಯುವವರನ್ನು ತಡೆದರು. ಅದೇ ಅಪ್ಪಿಕೊ ಚಳವಳಿ. ಇದರಲ್ಲಿ ಯಾರ ಆಸ್ತಿಗೂ ಹಾನಿಯಾಗಲಿಲ್ಲ.

1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಹಳ್ಳಿಗರು ಬಳಸುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪೆನಿಗೆ ಕೊಡಲು ಸರಕಾರ ಮುಂದಾಗಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಮೊದಲೇ ಘೋಷಿಸಿ, ಹಗಲು ಹೊತ್ತಿನಲ್ಲಿ, ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಉಪಯುಕ್ತ ಗಿಡಗಳನ್ನು ನೆಟ್ಟರು. ಬಂಧನಕ್ಕೂ ಸಿದ್ಧರಾಗಿದ್ದರು. ಜೊತೆಗೆ ಸುಪ್ರೀಂ ಕೋರ್ಟಿನಲ್ಲಿ ದಾವೆಯೂ ನಡೆಯುತ್ತಿತ್ತು. ನಮ್ಮ ಜಿಲ್ಲೆಯ ಡಾ. ಶಿವರಾಮ ಕಾರಂತರು ಆ ದಾವೆಯಲ್ಲಿ ಅರ್ಜಿದಾರರಾಗಿದ್ದರು. 1991ರಲ್ಲಿ ಕಂಪೆನಿ ಮುಚ್ಚಿತು.

ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. 1993ರಲ್ಲಿ ಬಳ್ಳಾರಿಯಲ್ಲಿ ಅದೇ ಕಂಪೆನಿಯ ಘಟಕಕ್ಕೆ ಹಾನಿ ಮಾಡಿದರು. 1998ರ ನವೆಂಬರಿನಲ್ಲಿ ಸಿಂಧನೂರು ತಾಲೂಕಿನ ಮಲದಕಲ್‌ನಲ್ಲಿ ಪ್ರಯೋಗಕ್ಕೆ ಬೆಳೆಸಿದ್ದ ಕುಲಾಂತರಿ ಹತ್ತಿಯನ್ನು, ಹೊಲದ ರೈತನ ಒಪ್ಪಿಗೆ ಪಡೆದು, ಪತ್ರಕರ್ತರ ಎದುರಿನಲ್ಲಿ ಸುಟ್ಟರು. ವಸ್ತುವಿನ ನಾಶ ಹಿಂಸೆಯಲ್ಲ, ಜೀವಕ್ಕೆ ನೋವು ಮಾಡುವುದು ಮಾತ್ರ ಹಿಂಸೆ ಎಂಬುದು ಅವರ ವಾದವಾಗಿತ್ತು. ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದವರಲ್ಲಿ ಗಾಂಧಿಮಾರ್ಗದ ಪರಿಸರವಾದಿಗಳೂ ಇದ್ದರು. ಕಚೇರಿಗೆ ನುಗ್ಗುವ ಗುಂಪಿನೆದುರು ನಿಂತ ಗುಮಾಸ್ತನಿಗೆ ಆಗುವ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದನ್ನು ಅಹಿಂಸೆ ಎನ್ನಲು ನಮಗೂ ಸಾಧ್ಯವಾಗುವುದಿಲ್ಲ. ಆದರೆ ಭಯೋತ್ಪಾದನೆ ಎನ್ನಲೂ ಆಗದು.

ನಾಲ್ಕು ಪ್ರಶ್ನೆಗಳು

ಈ ಉದಾಹರಣೆಗಳಿಂದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ. ಒಂದು, ಯಾವುದೇ ಮನುಷ್ಯನ ಜೀವಕ್ಕೆ ಅಪಾಯವಾಯಿತೇ? ಎರಡು, ಕೆಲಸ ಬಹಿರಂಗವಾಗಿ ನಡೆಯಿತೇ, ಕತ್ತಲಲ್ಲಿ ನಡೆಯಿತೇ? ಮೂರು, ಮಾಡಿದವರು ಕಾನೂನಿನ ಮುಂದೆ ನಿಂತು ಉತ್ತರ ಕೊಟ್ಟರೇ, ತಲೆಮರೆಸಿಕೊಂಡರೇ? ನಾಲ್ಕು, ಯಾರ ಭೂಮಿ, ಯಾರ ನೀರು ಹೋಗುತ್ತದೋ ಆ ಜನರೇ ಅದನ್ನು ನಿರ್ಧರಿಸಿದರೇ, ಅಥವಾ ಅವರ ಹೆಸರಿನಲ್ಲಿ ಬೇರೆಯವರು ನಿರ್ಧರಿಸಿದರೇ? ಕುಸನೂರಿನ ಸತ್ಯಾಗ್ರಹ ಈ ನಾಲ್ಕರಲ್ಲಿಯೂ ತೇರ್ಗಡೆಯಾಗುತ್ತದೆ. ವೇಲ್‌ನ ಬೆಂಕಿ ಎರಡನೆಯದರಿಂದಲೇ ಸೋಲುತ್ತದೆ. ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ.

ಕುದುರೆಮುಖ: ಒಂದೇ ಮಲೆ, ಎರಡು ದಾರಿ

ಬೆಳ್ತಂಗಡಿಯಿಂದ ನೋಡಿದರೆ ಕಾಣುವ ಕುದುರೆಮುಖದ ಮಲೆಯಲ್ಲಿ ಈ ಎರಡೂ ದಾರಿಗಳ ಕಥೆಯಿದೆ. ಅಲ್ಲಿ 1976ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಕಂಪೆನಿ ಕಬ್ಬಿಣದ ಅದಿರು ತೆಗೆಯುತ್ತಿತ್ತು. ಅದಿರನ್ನು ನೀರಿನೊಂದಿಗೆ ಬೆರೆಸಿ ಕೊಳವೆಯ ಮೂಲಕ ಮಂಗಳೂರು ಬಂದರಿಗೆ ಕಳುಹಿಸಲಾಗುತ್ತಿತ್ತು. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲವಿರುವ ಪ್ರದೇಶವದು. ಗಣಿಯ 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿದಾಗ ವಿಸ್ತರಣೆಗೆ ವಿರೋಧ ಬಂತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಒಂದು ಕಲ್ಲನ್ನೂ ಎಸೆಯದೆ ಬೃಹತ್ ಗಣಿಯೊಂದು ಮುಚ್ಚಿತು. ಇದರಿಂದ ಕೆಲಸ ಕಳೆದುಕೊಂಡ ಕುಟುಂಬಗಳ ಕಷ್ಟವೂ ಚಿಕ್ಕದಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು.

ಅದೇ ಹೊತ್ತಿಗೆ ಅದೇ ಮಲೆಯಲ್ಲಿ ಇನ್ನೊಂದು ದಾರಿಯೂ ತೆರೆಯಿತು. ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ 2001ರಲ್ಲಿ ಅಂತಿಮ ಅಧಿಸೂಚನೆ ಹೊರಟಾಗ ಒಳಗಿದ್ದ ಮಲೆಕುಡಿಯರು ಮತ್ತು ಇತರ ಕೃಷಿಕರು ಒಕ್ಕಲೆಬ್ಬಿಸುವ ಭೀತಿಗೆ ಸಿಲುಕಿದರು. ಈ ಭೀತಿಯ ನೆಲದಲ್ಲಿ ನಕ್ಸಲರು ಬೇರು ಬಿಡಲು ನೋಡಿದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಬಲಿಯಾದರು. 2005ರ ಫೆಬ್ರವರಿಯಲ್ಲಿ ನಾಯಕ ಸಾಕೇತ್ ರಾಜನ್ ಹತನಾದ. ಕೆಲವೇ ದಿನಗಳಲ್ಲಿ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಮೇಲೆ ದಾಳಿ ನಡೆಯಿತು. 2008ರಲ್ಲಿ ಸೀತಾನದಿಯಲ್ಲಿ ಶಾಲಾ ಶಿಕ್ಷಕರೊಬ್ಬರನ್ನು ನಕ್ಸಲರು ಕೊಂದರು. 2024ರ ನವೆಂಬರಿನಲ್ಲಿ ಹೆಬ್ರಿ ತಾಲೂಕಿನಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ಶರಣಾದರು. ಅವರಲ್ಲಿ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಸುಂದರಿಯೂ ಇದ್ದರು.

ಎರಡು ದಶಕಗಳ ಬಂದೂಕಿನಿಂದ ಮಲೆಕುಡಿಯರಿಗೆ ಒಂದು ಎಕರೆ ಹಕ್ಕುಪತ್ರ ಸಿಕ್ಕಿತೆಂದು ಹೇಳಲು ಸಾಧ್ಯವಿಲ್ಲ. ಅರಣ್ಯವಾಸಿಗಳ ಹಕ್ಕನ್ನು ಮಾನ್ಯ ಮಾಡಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ಬಂದದ್ದು ದೇಶದಾದ್ಯಂತ ನಡೆದ ಬಹಿರಂಗ ಹೋರಾಟದಿಂದ.

ಕುತ್ಲೂರಿನ ವಿದ್ಯಾರ್ಥಿ

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2012ರ ಮಾರ್ಚಿನಲ್ಲಿ ಇದೇ ಕುತ್ಲೂರಿನಿಂದ ಪತ್ರಿಕೋದ್ಯಮ ಕಲಿಯುತ್ತಿದ್ದ ಮಲೆಕುಡಿಯ ಯುವಕನೊಬ್ಬನನ್ನೂ ಅವನ ತಂದೆಯನ್ನೂ ನಕ್ಸಲ್ ಸಂಪರ್ಕದ ಆರೋಪದಲ್ಲಿ ಬಂಧಿಸಿ ಯುಎಪಿಎ ಕಾಯ್ದೆ ಹೇರಲಾಯಿತು. ಸಾಕ್ಷ್ಯವಾಗಿ ಹಾಜರುಪಡಿಸಿದ ವಸ್ತುಗಳಲ್ಲಿ ಭಗತ್ ಸಿಂಗರ ಕುರಿತ ಪುಸ್ತಕ, ಪತ್ರಿಕಾ ತುಣುಕುಗಳು, ಊರಿಗೆ ಮೂಲಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ ಸೇರಿದ್ದವು. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿತು. ನಡುವೆ ಒಂಬತ್ತು ವರ್ಷಗಳು ಕಳೆದಿದ್ದವು. ರಸ್ತೆ ಬೇಕೆಂದು ಕೇಳಿದ ಊರಿಗೆ ಸಿಕ್ಕಿದ್ದು ‘ನಕ್ಸಲ್ ಪೀಡಿತ’ ಎಂಬ ಹೆಸರು. ಅದೇ ಕುತ್ಲೂರು 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಯಿಂದ ಸಾಹಸ ಪ್ರವಾಸೋದ್ಯಮ ವಿಭಾಗದಲ್ಲಿ ಉತ್ತಮ ಪ್ರವಾಸಿ ಗ್ರಾಮವೆಂದು ಆಯ್ಕೆಯಾಯಿತು. ಊರು ಅದೇ, ಹಣೆಪಟ್ಟಿ ಮಾತ್ರ ಬದಲಾಯಿತು.

ನಿಡ್ಡೋಡಿ, ಕೊಕ್ಕಡ, ನೇತ್ರಾವತಿ

ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ 2013ರಲ್ಲಿ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಅದಕ್ಕೂ ಮೊದಲು ಉತ್ತರ ಕನ್ನಡದ ತದಡಿಯ ಹೆಸರು ಕೇಳಿಬಂದಿತ್ತು. ಭತ್ತ, ಅಡಿಕೆ, ತೆಂಗು, ಮಲ್ಲಿಗೆ ಬೆಳೆಯುವ ಈ ಭಾಗದ ಜನ ಜಾತಿ-ಮತದ ಭೇದವಿಲ್ಲದೆ ಒಂದಾಗಿ ಮಾತೃಭೂಮಿ ಸಂರಕ್ಷಣಾ ಸಮಿತಿ ಕಟ್ಟಿದರು. ಸ್ಥಾವರ ಬರಲಿಲ್ಲ. ನಂತರದ ವರ್ಷಗಳಲ್ಲಿ ಪಡುಬಿದ್ರಿ ಸಮೀಪದ ಎಲ್ಲೂರಿನಿಂದ ಕಾಸರಗೋಡಿಗೆ ಹೋಗುವ 400 ಕೆ.ವಿ. ವಿದ್ಯುತ್ ಮಾರ್ಗಕ್ಕೆ ಮೂಡುಬಿದಿರೆಯಿಂದ ವಿಟ್ಲದವರೆಗೆ ತೋಟದ ಕೃಷಿಕರು ವಿರೋಧ ಸೂಚಿಸಿದರು. ನೇತ್ರಾವತಿಯ ಉಪನದಿಗಳಿಂದ 24 ಟಿಎಂಸಿ ನೀರು ಎತ್ತುವ ಎತ್ತಿನಹೊಳೆ ಯೋಜನೆಯ ವಿರುದ್ಧ ಬಂಟ್ವಾಳ, ಬೆಳ್ತಂಗಡಿಯ ಜನ ಬಂದ್, ಪಾದಯಾತ್ರೆ ನಡೆಸಿದರು. ಆದರೂ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಶಾಂತಿಯುತ ಹೋರಾಟ ಯಾವಾಗಲೂ ಗೆಲ್ಲುತ್ತದೆ ಎಂದು ಹೇಳಿದರೆ ಅದು ಸುಳ್ಳಾದೀತು. ಬರಪೀಡಿತ ಕೋಲಾರ, ಚಿಕ್ಕಬಳ್ಳಾಪುರದವರ ಬಾಯಾರಿಕೆಯೂ ನಿಜವೇ.

ಇನ್ನು ಕೊಕ್ಕಡ, ಪಟ್ರಮೆ, ನಿಡ್ಲೆ. ಇಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಕಹಿಯನ್ನು ಇಂದಿಗೂ ಹಾಸಿಗೆಯಲ್ಲೇ ಉಳಿದ ಮಕ್ಕಳೂ, ಅವರನ್ನು ನೋಡಿಕೊಳ್ಳುವ ತಾಯಂದಿರೂ ಉಣ್ಣುತ್ತಿದ್ದಾರೆ. ಸುಪ್ರೀಂ ಕೋರ್ಟು ದೇಶದಲ್ಲಿ ಇದನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರು ಧರಣಿ ಕೂತರು, ಅರ್ಜಿ ಬರೆದರು, ನ್ಯಾಯಾಲಯಕ್ಕೆ ಅಲೆದರು. ಯಾವ ಹೆಲಿಕಾಪ್ಟರಿಗೂ ಬೆಂಕಿಯಿಡಲಿಲ್ಲ. ಯಂತ್ರ ಮುರಿದವನ ಕೃತ್ಯಕ್ಕೆ ಕೂಡಲೇ ಹೆಸರು ಸಿಗುತ್ತದೆ. ಅನುಮತಿಯ ಮೊಹರು ಹಾಕಿಸಿಕೊಂಡು ಊರಿನ ಮೇಲೆ ವಿಷ ಸುರಿದದ್ದಕ್ಕೆ ಏನು ಹೆಸರು? ಹಿಂಸೆಯ ಬಗ್ಗೆ ಮಾತನಾಡುವಾಗ ಈ ಪ್ರಶ್ನೆಯನ್ನೂ ಮುಂದಿಡಬೇಕಾಗುತ್ತದೆ.

ನಮ್ಮವರ ಕಡೆಯ ಹಿಂಸೆ

ಹಿಂಸೆ ಪರಿಸರವಾದಿಗಳ ಕಡೆಯಿಂದ ಮಾತ್ರ ಬರುತ್ತದೆ ಎಂದೂ ತಿಳಿಯಬಾರದು. ಪಶ್ಚಿಮಘಟ್ಟದ ಕುರಿತು ಗಾಡ್ಗೀಳ್ ಸಮಿತಿ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ವರದಿ ಕೊಟ್ಟವು. 2013ರ ನವೆಂಬರಿನಲ್ಲಿ ಕೇರಳದ ತಾಮರಶ್ಶೇರಿ ಭಾಗದಲ್ಲಿ ವರದಿಯನ್ನು ವಿರೋಧಿಸಿದ ಗುಂಪುಗಳು ಅರಣ್ಯ ಕಚೇರಿಗೆ ಬೆಂಕಿಯಿಟ್ಟವು. ಆ ವಿರೋಧದ ಮುಂಚೂಣಿಯಲ್ಲಿ ಮಲೆನಾಡಿನ ಕ್ರೈಸ್ತ ಕೃಷಿಕರೂ ಇದ್ದರು. 2024ರ ಜುಲೈ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಾಗಿದ್ದು, ಘಟ್ಟದ ತಪ್ಪಲಿನ ನಮ್ಮ ಕೃಷಿಕರಿಗೂ ಇದೇ ಆತಂಕವಿದೆ. ಆತಂಕ ಸಹಜ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ, ಮಲವಂತಿಗೆಗಳಲ್ಲಿ ಗುಡ್ಡ ಜರಿದು ತೋಟಗಳು ಕೊಚ್ಚಿಹೋದದ್ದೂ ನಿಜ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳನ್ನು ನಾವು ಮೆಚ್ಚದವರಿಗೆ ಮಾತ್ರ ಕೇಳಿ ನಮ್ಮವರಿಗೆ ಕೇಳದಿದ್ದರೆ ನ್ಯಾಯವಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಕರ್ತವ್ಯಗಳ ಪಟ್ಟಿಯಿದೆ. ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಕರ್ತವ್ಯ. ಸಾರ್ವಜನಿಕ ಆಸ್ತಿಯನ್ನು ರಕ್ಷಿಸಿ ಹಿಂಸೆಯನ್ನು ತ್ಯಜಿಸುವುದೂ ಕರ್ತವ್ಯ. ಎರಡೂ ಒಂದೇ ವಿಧಿಯಲ್ಲಿವೆ.

‘ಪರಿಸರ ಭಯೋತ್ಪಾದನೆ’ ಎಂಬ ಪ್ರತ್ಯೇಕ ಅಪರಾಧ ನಮ್ಮ ಕಾನೂನಿನಲ್ಲಿಲ್ಲ. ಆದರೆ ಯುಎಪಿಎ ಕಾಯ್ದೆಯ 15ನೇ ಕಲಮು ಭಯೋತ್ಪಾದಕ ಕೃತ್ಯದ ವ್ಯಾಖ್ಯೆಯಲ್ಲಿ ಆಸ್ತಿ ನಾಶವನ್ನೂ ಸೇರಿಸುತ್ತದೆ. ಅದಕ್ಕೆ ದೇಶದ ಏಕತೆ, ಭದ್ರತೆ, ಆರ್ಥಿಕ ಭದ್ರತೆಗೆ ಧಕ್ಕೆ ತರುವ ಅಥವಾ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಅಥವಾ ಸಂಭವ ಇರಬೇಕು. ಈ ಕಾಯ್ದೆಯಡಿ ಜಾಮೀನು ಸಿಗುವುದು ತೀರಾ ಕಷ್ಟ. ಹಾಗಾಗಿ ತೀರ್ಪಿಗಿಂತ ಮೊದಲೇ ವಿಚಾರಣೆಯೇ ಶಿಕ್ಷೆಯಾಗಿಬಿಡುತ್ತದೆ.

ಆದಿವಾಸಿಗಳ ಭೂಮಿ ಮತ್ತು ಅರಣ್ಯದ ಹಕ್ಕಿಗಾಗಿ ಜಾರ್ಖಂಡಿನಲ್ಲಿ ದುಡಿದ ಯೇಸುಸಭೆಯ ವಂದನೀಯ ಸ್ಟ್ಯಾನ್ ಸ್ವಾಮಿಯವರನ್ನು ನಾವು ಮರೆಯಲಾರೆವು. ಅವರು ಹಿಂದೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಈ ಕಾಯ್ದೆಯಡಿ 2020ರ ಅಕ್ಟೋಬರಿನಲ್ಲಿ ಬಂಧಿತರಾಗಿ, ವಿಚಾರಣೆ ಆರಂಭವಾಗುವ ಮೊದಲೇ 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ ತೀರಿಕೊಂಡರು. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ 22 ವರ್ಷದ ಹವಾಮಾನ ಕಾರ್ಯಕರ್ತೆ ದಿಶಾ ರವಿಯವರನ್ನು ರೈತ ಚಳವಳಿಯ ‘ಟೂಲ್‌ಕಿಟ್’ ವಿಚಾರದಲ್ಲಿ ದೇಶದ್ರೋಹದ ಆರೋಪದಡಿ ಬಂಧಿಸಲಾಯಿತು. ಸರಕಾರದ ನೀತಿಯನ್ನು ಒಪ್ಪದ ಮಾತ್ರಕ್ಕೆ ನಾಗರಿಕರನ್ನು ಜೈಲಿನಲ್ಲಿಡಲಾಗದು ಎಂದು ಹೇಳಿ ದೆಹಲಿಯ ನ್ಯಾಯಾಲಯ ಹತ್ತು ದಿನಗಳಲ್ಲಿ ಜಾಮೀನು ನೀಡಿತು.

ಕೊಲ್ಲುವವರು ಯಾರು ಎಂಬ ಲೆಕ್ಕವನ್ನೂ ನೋಡಬೇಕು. ಗ್ಲೋಬಲ್ ವಿಟ್ನೆಸ್ ಸಂಸ್ಥೆಯ ಪ್ರಕಾರ 2012ರಿಂದ 2022ರವರೆಗೆ ಜಗತ್ತಿನಲ್ಲಿ ಭೂಮಿ ಮತ್ತು ಪರಿಸರದ ರಕ್ಷಣೆಗೆ ನಿಂತ 1,910 ಮಂದಿ ಹತರಾಗಿದ್ದಾರೆ. ಬ್ರೆಜಿಲ್‌ನಲ್ಲಿ ಬಡ ಕೃಷಿಕರೊಂದಿಗೆ ಅಮೆಜಾನ್ ಕಾಡಿಗಾಗಿ ನಿಂತ ಧರ್ಮಭಗಿನಿ ಡೊರೊತಿ ಸ್ಟಾಂಗ್ ಅವರನ್ನು ಬಾಡಿಗೆ ಕೊಲೆಗಾರರು ಗುಂಡಿಕ್ಕಿದ್ದು ಇದಕ್ಕೂ ಮೊದಲು, 2005ರ ಫೆಬ್ರವರಿಯಲ್ಲಿ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಕಾನೂನಿನ ಬಾಗಿಲುಗಳನ್ನು ತಿಳಿದಿರಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನಗಳ ಮುಂಚಿತ ಪ್ರಕಟಣೆ ಬೇಕು. ಲಿಖಿತ ಆಕ್ಷೇಪ ಸಲ್ಲಿಸುವ ಹಕ್ಕು ಇದೆ. ಅನುಮತಿ ಸಿಕ್ಕ ಬಳಿಕ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಸಾಮಾನ್ಯವಾಗಿ 30 ದಿನಗಳ ಅವಕಾಶವಿದೆ. ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಗ್ರಾಮಸಭೆಯ ನಿರ್ಣಯವನ್ನು ಪುಸ್ತಕದಲ್ಲಿ ಬರೆಸಿ ಪ್ರತಿ ಪಡೆಯಬೇಕು. ಮಾಹಿತಿ ಹಕ್ಕಿನಡಿ ಕಾಗದ ತೆಗೆಸಬೇಕು. ಈ ದಿನಾಂಕಗಳು ತಪ್ಪಿ ಹೋದ ಮೇಲೆಯೇ ಹಲವು ಕಡೆ ಜನರ ಕೈಗೆ ಕಲ್ಲು ಬರುವುದು.

ಎರಡನೆಯದಾಗಿ, ಮೆರವಣಿಗೆಯಲ್ಲಿ ಯಾರಾದರೂ ಯಂತ್ರಕ್ಕೆ ಬೆಂಕಿಯಿಡುವ ಮಾತೆತ್ತಿದರೆ ಅಲ್ಲಿಯೇ ತಡೆಯಬೇಕು. ಒಂದು ಟಯರು ಸುಟ್ಟರೆ ಸಾವಿರ ಜನರ ಸಹಿಯ ಬೆಲೆ ಹೋಗುತ್ತದೆ. ಜೆಸಿಬಿ ಓಡಿಸುವವನೂ ಯಾವುದೋ ಬಡ ಮನೆಯ ಮಗನೇ.

ಮೂರನೆಯದಾಗಿ, ನಮ್ಮವರಲ್ಲಿ ಯಾರಾದರೂ ಬಂಧನಕ್ಕೊಳಗಾದರೆ ದೂರ ಸರಿಯಬಾರದು. ವಕೀಲರನ್ನು ಹುಡುಕಿಕೊಡುವುದು, ಮನೆಯವರನ್ನು ಭೇಟಿ ಮಾಡುವುದು, ತೀರ್ಪು ಬರುವವರೆಗೆ ಅವರನ್ನು ‘ಭಯೋತ್ಪಾದಕ’ ಎಂದು ಕರೆಯದಿರುವುದು ನಮ್ಮಿಂದಾಗುವ ಕೆಲಸ. ಕುತ್ಲೂರಿನ ಆ ಮನೆಯವರು ಒಂಬತ್ತು ವರ್ಷ ಹೊತ್ತ ಹಣೆಪಟ್ಟಿಯನ್ನು ಅಂಟಿಸಲು ಒಂದು ದಿನ ಸಾಕಾಗಿತ್ತು.

2015ರಲ್ಲಿ ಜಗದ್ಗುರು ಫ್ರಾನ್ಸಿಸರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಾಗಿ ಕೇಳಬೇಕೆಂದು ತಿಳಿಸಿದರು. ನಮ್ಮ ಮೂರು ತಾಲೂಕುಗಳಲ್ಲಿ ಆ ಕೂಗಿಗೆ ಕೊಕ್ಕಡ, ಕುತ್ಲೂರು, ನಿಡ್ಡೋಡಿ ಎಂಬ ಹೆಸರುಗಳಿವೆ. ಮುಂದಿನ ಯೋಜನೆಯ ಪ್ರಕಟಣೆ ಪಂಚಾಯತ್ ಫಲಕದಲ್ಲಿ ಕಾಣಿಸಿದಾಗ ಅದನ್ನು ಓದಿ, ಆಕ್ಷೇಪವಿದ್ದರೆ ಹೆಸರು, ವಿಳಾಸ ಸಹಿತ ಬರೆದು ಕೊಡೋಣ.